ಇದ್ದ ರಸ್ತೆಯನ್ನು ಉಳಿಸುವ ವಿದ್ಯೆ

ಪುಟ್ಟಿ, ಹೈವೇ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಸೀಟು ಸಿಕ್ಕಿತೆಂದು ನಿಮ್ಮಮ್ಮ ಫೋನು ಮಾಡಿದಾಗಿನಿಂದ ತುಂಬಾ ಸಂತೋಷವಾಗಿದೆ. ನಮ್ಮ ಮನೆಯಲ್ಲಿ ಲೋಕೋಪಯೋಗಿ ಇಲಾಖೆಯ ಕೆಲಸ ಮಾಡಿದವನು ನಾನೊಬ್ಬನೇ. ಈಗ ನೀನೂ ಅದೇ ಕಡೆ ಬರುತ್ತಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕೆಂದೇನೂ ಇಲ್ಲ, ಸೆಮಿಸ್ಟರ್ ನಡುವೆ ಬೇಕೆನಿಸಿದಾಗ ತೆಗೆದು ನೋಡು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 60 ಲಕ್ಷ ಕಿಲೋಮೀಟರಿಗೂ ಹೆಚ್ಚು ರಸ್ತೆ ಆಗಲೇ ಇದೆ. ನಿನ್ನ ಸರ್ವಿಸಿನಲ್ಲಿ ನೀನು ಹೊಸದಾಗಿ ಹಾಕಿಸುವ ರಸ್ತೆ ಎಷ್ಟೇ ಇರಲಿ, ನಿನ್ನ ಸುಪರ್ದಿಗೆ ಬರುವ ಹಳೆಯ ರಸ್ತೆ ಅದರ ಎಷ್ಟೋ ಪಟ್ಟು ಇರುತ್ತದೆ. ಆದರೆ ಪಾಠದಲ್ಲಿ ಹೊಸ ರಸ್ತೆಯ ವಿನ್ಯಾಸಕ್ಕೇ ಮೊದಲ ಮಣೆ. ನಿರ್ವಹಣೆಯ ವಿಷಯ ಕೊನೆಯ ಸೆಮಿಸ್ಟರುಗಳಲ್ಲಿ ಎಲ್ಲೋ ಐಚ್ಛಿಕವಾಗಿ ಕೂತಿರುತ್ತದೆ. ನೀನು ಅದನ್ನು ಮೊದಲ ದಿನದಿಂದಲೇ ಮನಸ್ಸಿನಲ್ಲಿಟ್ಟುಕೊಂಡು ಓದು. ಕೆಳಗಿನ ಮಾತುಗಳೆಲ್ಲ ಆ ದೃಷ್ಟಿಯಿಂದಲೇ ಬರೆದವು.

• ನಿನ್ನ ಗೆಳತಿ ಇನ್ನೂ ಎಲ್ಲಿ ಸೇರುವುದೆಂದು ಯೋಚಿಸುತ್ತಿದ್ದಾಳೆ ಅಂದೆಯಲ್ಲ, ಅವಳಿಗೆ ಇಷ್ಟು ಹೇಳು. ಗೇಟ್ ಅಂಕ ಚೆನ್ನಾಗಿದ್ದರೆ ಐಐಎಸ್‌ಸಿ, ಸುರತ್ಕಲ್ಲಿನ ಎನ್‌ಐಟಿಕೆಗೆ ಅರ್ಜಿ ಹಾಕಲಿ. ಇಲ್ಲವಾದರೆ ರಾಜ್ಯದ ಪಿಜಿಸಿಇಟಿ ಇದೆ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ, ಮನೆಯವರ ಮೇಲೆ ಅಷ್ಟು ಹೊರೆ ಕಡಿಮೆ. ಕೋರ್ಸಿಗೆ ಒಂದೊಂದು ಕಡೆ ಒಂದೊಂದು ಹೆಸರು. ಯುವಿಸಿಇಯಲ್ಲಿ ಹೈವೇ ಎಂಜಿನಿಯರಿಂಗ್, ಆರ್.ವಿ. ಕಾಲೇಜಿನಲ್ಲಿ ಹೈವೇ ಟೆಕ್ನಾಲಜಿ, ಸುರತ್ಕಲ್ಲಿನಲ್ಲಿ ಸಾರಿಗೆ ಎಂಜಿನಿಯರಿಂಗ್. ಹೆಸರು ನೋಡಿ ತೀರ್ಮಾನಿಸದೆ ಪಠ್ಯಕ್ರಮ ತರಿಸಿ ನೋಡಲಿ. ಲ್ಯಾಬಿನಲ್ಲಿ ಯಂತ್ರಗಳು ಕೆಲಸ ಮಾಡುತ್ತಿವೆಯೋ, ಗಾಜಿನ ಕಪಾಟಿನಲ್ಲಿವೆಯೋ ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಲಿ.

• ಮಣ್ಣಿನಿಂದ ಶುರುಮಾಡು. ಗದಗ, ಧಾರವಾಡ, ವಿಜಯಪುರ ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೀರಿನಲ್ಲಿ ನೆನೆದ ಮೇಲೆ ಅದರ ಸಿಬಿಆರ್, ಅಂದರೆ ಭಾರ ತಾಳುವ ಶಕ್ತಿಯ ಅಂಕಿ, 2ಕ್ಕೋ 3ಕ್ಕೋ ಇಳಿಯುವುದು ಸಾಮಾನ್ಯ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಗುಣವೇ ಬೇರೆ. ಪುಸ್ತಕದಲ್ಲಿ ಎರಡಕ್ಕೂ ಒಂದೊಂದು ಪ್ಯಾರಾ ಇರುತ್ತದೆ, ಅಷ್ಟರಿಂದ ಏನೂ ಆಗದು. ರಜೆಗೆ ಊರಿಗೆ ಬಂದಾಗೆಲ್ಲ ಒಂದು ಚೀಲ ಮಣ್ಣು ಹೊತ್ತುಕೊಂಡು ಹೋಗು, ಗೆಳತಿಯರಿಗೂ ಅವರವರ ಊರಿನಿಂದ ತರಲು ಹೇಳು. ಹತ್ತು ಹತ್ತು ಗ್ರಾಂ ಒಣಮಣ್ಣನ್ನು ಎರಡು ಅಳತೆ ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡು. ನೀರಿನ ಜಾಡಿಯಲ್ಲಿ ಮಣ್ಣು ಎಷ್ಟು ಉಬ್ಬಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಅದೇ ಮಣ್ಣಿಗೆ ಸುಣ್ಣ ಬೆರೆಸಿ ಮತ್ತೆ ನೋಡು. ಸಿಬಿಆರ್ ಅಚ್ಚನ್ನು ನಾಲ್ಕು ದಿನ ನೀರಿನಲ್ಲಿಡಬೇಕು ಅಂತಿದ್ದರೆ ನಾಲ್ಕು ದಿನ ಇಡು. ಪಕ್ಕದವರು ಎರಡು ದಿನಕ್ಕೆ ತೆಗೆದು ಅಂಕಿ ಬರೆದುಕೊಂಡರೂ ನೀನು ಕಾಯಿ. ರಸ್ತೆಯ ದಪ್ಪವೆಲ್ಲ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

• ನೀರಿನ ವಿಷಯಕ್ಕೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ನಾನು ಕಂಡ ಕೆಟ್ಟ ರಸ್ತೆಗಳಲ್ಲಿ ಬಹುಪಾಲು ಕೆಟ್ಟದ್ದು ನೀರಿನಿಂದ. ಮಳೆ ಬಂದಾಗ ಹಾಸ್ಟೆಲಿನಲ್ಲಿ ಕೂರಬೇಡ, ಕೊಡೆ ಹಿಡಿದು ಹೊರಗೆ ಹೋಗು. ನೀರು ಎಲ್ಲಿಂದ ಹರಿದು ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಪಕ್ಕದಲ್ಲೇ ಚರಂಡಿ ಇದ್ದರೂ ಯಾಕೆ ಅದರೊಳಗೆ ಇಳಿಯುತ್ತಿಲ್ಲ, ಇವೆಲ್ಲ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತವೆ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ದಿನವಿಡೀ ನಿಂತರೂ ತಿಳಿಯುವುದಿಲ್ಲ.

ಮಳೆ ಜಾಸ್ತಿ ಇರುವ ಕಡೆ ಡಾಂಬರು ರಸ್ತೆಗೆ ಅಡ್ಡಡ್ಡಲಾಗಿ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡುತ್ತೇವೆ. ಕೇಳಲು ಸಣ್ಣ ಅಂಕಿ. ಅದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಸೈಟಿನಲ್ಲಿ ಗೊತ್ತಾಗುತ್ತದೆ. ಪಕ್ಕದ ಮಣ್ಣಿನ ಅಂಚು ವರ್ಷ ವರ್ಷ ಹುಲ್ಲು, ಕಸ, ಧೂಳು ಸೇರಿ ರಸ್ತೆಗಿಂತ ಮೇಲೇಳುತ್ತದೆ, ನೀರು ಹೊರಗೆ ಹೋಗದೆ ಡಾಂಬರಿನ ಅಂಚಿನಲ್ಲೇ ಇಂಗುತ್ತದೆ. ಅಂಚು ಮುರಿಯುವುದು ಅಲ್ಲಿಂದ ಶುರು. ಆ ಅಂಚನ್ನು ಗುದ್ದಲಿಯಿಂದ ಕೆರೆದು ತಗ್ಗಿಸಲು ಇಬ್ಬರು ಆಳು ಸಾಕು. ಆ ಕೆಲಸ ತಪ್ಪಿದ್ದಕ್ಕೆ ಆಮೇಲೆ ಲಕ್ಷಗಟ್ಟಲೆ ಎಸ್ಟಿಮೇಟು ಮಾಡುತ್ತೇವೆ.

ಇನ್ನೊಂದು ನೆನಪಿಡು. ರಸ್ತೆಯ ತಳದಲ್ಲಿ ಹಾಸುವ ಜಲ್ಲಿಯ ಜಿಎಸ್‌ಬಿ ಪದರ ಒಳಗೆ ಇಳಿದ ನೀರನ್ನು ಹೊರಗೆ ಸಾಗಿಸುವ ಪದರವೂ ಹೌದು. ಅದನ್ನು ಚರಂಡಿಯ ಕಡೆಗೆ ಪೂರ್ತಿ ಒಯ್ದು ಬಾಯಿ ತೆರೆದು ಬಿಡಬೇಕು. ಹಣ ಉಳಿಸಲೆಂದು ಡಾಂಬರಿನ ಅಗಲಕ್ಕೇ ನಿಲ್ಲಿಸಿ ಎರಡೂ ಬದಿಗೆ ಮಣ್ಣು ತುಂಬಿಬಿಟ್ಟರೆ ನೀರಿಗೆ ಹೊರಬರುವ ದಾರಿಯೇ ಇಲ್ಲ, ರಸ್ತೆ ತೊಟ್ಟಿಯಾಗುತ್ತದೆ. ಡ್ರಾಯಿಂಗಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಸೈಟಿನಲ್ಲಿ ಆ ತುದಿ ಕಾಣುತ್ತಿದೆಯೇ ಎಂದು ನೀನು ಬಗ್ಗಿ ನೋಡಬೇಕು.

ಮೋರಿಗಳ ಹೂಳನ್ನು ಮೇ ತಿಂಗಳೊಳಗೆ ತೆಗೆಸಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ, ಬಯಲುಸೀಮೆಯ ಎಷ್ಟೋ ಕಡೆ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೂ ಬಯಲುಸೀಮೆಯಲ್ಲಿ ಮೋರಿ ಕೊಚ್ಚಿಹೋಗುವುದನ್ನು ನೋಡಿದ್ದೇನೆ. ಒಂದೇ ರಾತ್ರಿ ಸುರಿದು ಹೋಗುವ ಮಳೆ ವರ್ಷದ ಸರಾಸರಿ ನೋಡಿಕೊಂಡು ಬರುವುದಿಲ್ಲ.

• ಭಾರದ ಲೆಕ್ಕವನ್ನು ಕಂಠಪಾಠ ಮಾಡಬೇಡ, ಪೆನ್ನು ಹಿಡಿದು ನೀನೇ ಮಾಡು. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲು ರಾತ್ರಿ ಓಡಿಸಿ ಮಾಡಿದ ಆಶೋ ರಸ್ತೆ ಪರೀಕ್ಷೆಯಿಂದ ಬಂದ ಸೂತ್ರ ಅದು. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಸುಮಾರು ನಾಲ್ಕನೇ ಘಾತದಲ್ಲಿ ಹೆಚ್ಚುತ್ತದೆ. ನಾವು ವಿನ್ಯಾಸಕ್ಕೆ ಹಿಡಿಯುವ ಮಾದರಿ ಅಚ್ಚಿನ ಭಾರ 80 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತಿರ 8.16 ಟನ್. ನಾಲ್ಕು ಟೈರಿನ ಒಂಟಿ ಅಚ್ಚಿಗೆ ಕಾನೂನು ಮೊದಲು 10.2 ಟನ್ ಬಿಡುತ್ತಿತ್ತು, 2018ರಲ್ಲಿ ಅದನ್ನು 11.5 ಟನ್‌ಗೆ ಏರಿಸಿದರು. 10.2ನ್ನು 8.16ರಿಂದ ಭಾಗಿಸಿ ನಾಲ್ಕನೇ ಘಾತಕ್ಕೆ ಏರಿಸು: ಸುಮಾರು 2.4. 11.5ಕ್ಕೂ ಹಾಗೇ ಮಾಡು: ಹತ್ತಿರ ಹತ್ತಿರ 4. ಕಾನೂನಿನ ಮಿತಿಯಲ್ಲೇ ಓಡುವ ಲಾರಿಯೊಂದು ರಸ್ತೆಗೆ ಕೊಡುವ ಪೆಟ್ಟು ಎಷ್ಟು ಏರಿತು ನೋಡು. ಇನ್ನು ಮರಳು, ಅದಿರು ತುಂಬಿಕೊಂಡು ಮಿತಿ ಮೀರಿ ಹೋಗುವ ಟಿಪ್ಪರುಗಳ ಲೆಕ್ಕ ನೀನೇ ಹಾಕಿಕೋ. ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಲಾರಿಗಳ ರಸ್ತೆಗಳನ್ನು ಒಂದು ಕಾಲದಲ್ಲಿ ಕಂಡವರಿಗೆ ಸೂತ್ರ ಹೇಳಿಕೊಡಬೇಕಾಗಿರಲಿಲ್ಲ.

ಒಟ್ಟಾವಾದ ಆ ಪರೀಕ್ಷೆ ನಡೆದದ್ದು ಅಲ್ಲಿಯ ಮಣ್ಣಿನಲ್ಲಿ, ಹಿಮ ಬೀಳುವ ಹವೆಯಲ್ಲಿ ಅನ್ನುವುದನ್ನೂ ಮರೆಯಬೇಡ. ಸೂತ್ರವನ್ನು ಗೌರವಿಸು, ಆದರೆ ಅಚ್ಚಿನ ಭಾರವನ್ನು ನಮ್ಮ ರಸ್ತೆಯಲ್ಲೇ ಅಳೆಸು. ಬೇರೆ ಯಾರದೋ ಯೋಜನಾ ವರದಿಯಿಂದ (ಡಿಪಿಆರ್) ವಾಹನಗಳ ಹಾನಿ ಗುಣಾಂಕವನ್ನು ಎತ್ತಿ ಹಾಕಿದ ವರದಿಗಳನ್ನು ನಾನು ಬೇಕಾದಷ್ಟು ವಾಪಸು ಕಳಿಸಿದ್ದೇನೆ.

• ಖನ್ನಾ–ಜಸ್ಟೊ ಪುಸ್ತಕ ನಿನ್ನ ಬಳಿ ಇರಲಿ. ಜಸ್ಟೊ ಅವರು ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಪಾಠ ಹೇಳಿದ ಮೇಷ್ಟ್ರು, ಆ ಅಭಿಮಾನವೂ ನಮಗಿರಲಿ. ಆದರೆ ಎಂ.ಟೆಕ್‌ನಲ್ಲಿ ಪಠ್ಯಪುಸ್ತಕಕ್ಕಿಂತ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಗಳನ್ನು ಹೆಚ್ಚು ಓದು. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಕೆಲಸದ ಮುಂದುವರಿಕೆಯಾಗಿ 1934ರಲ್ಲಿ ಹುಟ್ಟಿದ ಸಂಸ್ಥೆ ಅದು. ಡಾಂಬರು ರಸ್ತೆಗೆ ಐಆರ್‌ಸಿ 37, ಕಾಂಕ್ರೀಟಿಗೆ 58, ಡಾಂಬರು ಮೇಲ್ಮೈಯ ನಿರ್ವಹಣೆಗೆ 82, ನೀರು ಹರಿಸುವುದಕ್ಕೆ ಎಸ್‌ಪಿ 42, ಇಷ್ಟನ್ನು ಮೊದಲ ವರ್ಷವೇ ಓದಿ ಮುಗಿಸು. ಐಆರ್‌ಸಿ 37ರ 2018ರ ಆವೃತ್ತಿಯ ಜೊತೆ ಐಐಟಿಪೇವ್ ಅನ್ನುವ ತಂತ್ರಾಂಶ ಬರುತ್ತದೆ. ಅಂಕಿ ಹಾಕಿದರೆ ಉತ್ತರ ಕೊಡುತ್ತದೆ. ಡಾಂಬರಿನ ಪದರದ ತಳ ಯಾಕೆ ಹಿಗ್ಗಿ ಬಿರುಕು ಬಿಡುತ್ತದೆ, ಮಣ್ಣಿನ ಮೇಲ್ಭಾಗ ಯಾಕೆ ಅದುಮಿಹೋಗಿ ಚಕ್ರದ ಜಾಡು ಬೀಳುತ್ತದೆ, ಇವೆರಡನ್ನು ಯಾರಿಗಾದರೂ ಕನ್ನಡದಲ್ಲಿ ವಿವರಿಸಲು ಬಂದ ಮೇಲೆ ತಂತ್ರಾಂಶ ಮುಟ್ಟು.

• ಲ್ಯಾಬಿನಲ್ಲಿ ಮಾರ್ಷಲ್ ಪರೀಕ್ಷೆಯ ಬಿಲ್ಲೆಗಳಿಗೆ ಎರಡೂ ಕಡೆ 75 ಪೆಟ್ಟು ನೀನೇ ಹಾಕು, ಅಟೆಂಡರ್ ಕೈಯಲ್ಲಿ ಹಾಕಿಸಬೇಡ. ಹಾಟ್ ಮಿಕ್ಸ್ ಪ್ಲಾಂಟಿಗೆ ಕನಿಷ್ಠ ಒಂದು ಇಡೀ ದಿನ ಹೋಗಿ ಬಾ. ವಿಜಿ 30 ಡಾಂಬರಿನ ಮಿಶ್ರಣ ಪ್ಲಾಂಟಿನಿಂದ 150–165 ಡಿಗ್ರಿಯಲ್ಲಿ ಹೊರಡಬೇಕು, ರೋಲರ್ ಕೆಲಸ ಮುಗಿಯುವಾಗ 90 ಡಿಗ್ರಿಗಿಂತ ಕೆಳಗೆ ಇಳಿದಿರಬಾರದು. ಟಿಪ್ಪರ್ ಮೇಲೆ ಟಾರ್ಪಾಲು ಹೊದಿಸಿದ್ದಾರೋ ಇಲ್ಲವೋ, ಸೈಟು ಎಷ್ಟು ದೂರ, ದಾರಿಯಲ್ಲಿ ರೈಲ್ವೆ ಗೇಟಿದೆಯೇ, ಇಂಥ ಸಣ್ಣ ವಿಷಯಗಳೇ ಆ ಡಿಗ್ರಿಗಳನ್ನು ತೀರ್ಮಾನಿಸುತ್ತವೆ. ಥರ್ಮಾಮೀಟರ್ ಸದಾ ನಿನ್ನ ಚೀಲದಲ್ಲೇ ಇರಲಿ.

• ಘಾಟಿಯ ರಸ್ತೆಗಳನ್ನು ಓದಲು ಹೆದ್ದಾರಿ ಪಾಠವೊಂದೇ ಸಾಲದು, ಭೂವಿಜ್ಞಾನವನ್ನೋ ಇಳಿಜಾರುಗಳ ಸ್ಥಿರತೆಯನ್ನೋ ಐಚ್ಛಿಕವಾಗಿ ತೆಗೆದುಕೋ. ಶಿರಾಡಿ ಘಾಟಿ ನಮಗೆ ಹತ್ತಿರದ ಪಾಠ. ಅಲ್ಲಿ ಡಾಂಬರು ನಿಲ್ಲದೆ ಎರಡು ಹಂತದಲ್ಲಿ ಕಾಂಕ್ರೀಟು ಹಾಕಿದರು, ಮೊದಲನೆಯದು 2015ರಲ್ಲಿ ಮುಗಿಯಿತು, ಎರಡನೆಯದು 2018ರ ಜುಲೈಯಲ್ಲಿ. ರಸ್ತೆಯ ಮೇಲ್ಮೈ ಗಟ್ಟಿಯಾಗಿಯೇ ಇತ್ತು. ಆಗಸ್ಟ್ ಮಳೆಗೆ ಗುಡ್ಡ ಕುಸಿದು ಘಾಟಿ ಮತ್ತೆ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಜೀವಗಳೇ ಹೋದವು. ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿಯುವ ಮೊದಲು ಮೇಲಿನ ನೀರು ಎಲ್ಲಿಗೆ ಹೋಗುತ್ತದೆ, ಮಣ್ಣಿನ ಪದರ ಎಷ್ಟು ದಪ್ಪ, ಬಂಡೆಯ ಓರೆ ಯಾವ ಕಡೆಗಿದೆ ಎಂದು ನೋಡುವುದು ರಸ್ತೆ ಎಂಜಿನಿಯರನ ಕೆಲಸವೇ. ಅದು ಬೇರೆ ಇಲಾಖೆಯವರದು ಎಂದು ಕೈತೊಳೆದುಕೊಳ್ಳುವವರ ಮಾತು ಕೇಳಬೇಡ.

• ಈಗ ನಿರ್ವಹಣೆ. ಇದಕ್ಕೆ ಜಗತ್ತಿನಲ್ಲೆಲ್ಲ ಬಳಸುವ ಸಾಧನ ಎಚ್‌ಡಿಎಂ 4. ವಿಶ್ವ ಬ್ಯಾಂಕಿನ ಕೆಲಸದಿಂದ ಬೆಳೆದುಬಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮುಂದೆ ನಿಂತು ರೂಪಿಸಿದ್ದು. ಅದರ ಬೇರು ಕೀನ್ಯಾ, ಬ್ರೆಜಿಲ್‌ಗಳಂತೆ ಭಾರತದಲ್ಲೂ ಇದೆ. ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ನಡೆಸಿದ ರಸ್ತೆ ಬಳಕೆದಾರರ ವೆಚ್ಚದ ಅಧ್ಯಯನ ಅದಕ್ಕೆ ಅಂಕಿಗಳನ್ನು ಒದಗಿಸಿತು. ಇವತ್ತಿನ ರಸ್ತೆಯ ಸ್ಥಿತಿ, ವಾಹನಗಳ ಎಣಿಕೆ, ಮಳೆ, ಪದರಗಳ ದಪ್ಪ ಎಲ್ಲ ಕೊಟ್ಟರೆ ಈ ವರ್ಷ ಏನೂ ಮಾಡದಿದ್ದರೆ ಏನಾಗುತ್ತದೆ, ಮೂರನೆಯ ವರ್ಷ ತೆಳುವಾದ ಪದರ ಹಾಕಿದರೆ ಏನು, ಎಂಟು ವರ್ಷ ಬಿಟ್ಟು ಅಗೆದು ಕಟ್ಟಿದರೆ ಏನು ಎಂದು ಲೆಕ್ಕ ಒಪ್ಪಿಸುತ್ತದೆ. ರಸ್ತೆ ಹಾಕುವವರ ಖರ್ಚಿನ ಜೊತೆ ರಸ್ತೆ ಬಳಸುವವರ ಡೀಸೆಲ್, ಟೈರು, ಹೊತ್ತು ಎಲ್ಲವನ್ನೂ ಕೂಡಿಸಿ ಹೇಳುವುದು ಅದರ ಹೆಚ್ಚುಗಾರಿಕೆ.

ವಿದೇಶದಲ್ಲಿ ಓದಿ ಬಂದ ಹುಡುಗರು ಎಡವುವುದು ಇಲ್ಲೇ. ತಂತ್ರಾಂಶದೊಳಗಿನ ಸಮೀಕರಣಗಳನ್ನು ನಮ್ಮ ರಸ್ತೆಗೆ ಹೊಂದಿಸದೆ ಹಾಗೇ ಓಡಿಸುತ್ತಾರೆ. ಹಾಸನದಿಂದ ಸಕಲೇಶಪುರದ ರಸ್ತೆ ಒರಟಾಗುವ ವೇಗ, ರಾಯಚೂರಿನ ರಸ್ತೆ ಒರಟಾಗುವ ವೇಗ ಒಂದೇ ಅಲ್ಲ. ಹೊಂದಾಣಿಕೆ ಮಾಡಲು ಒಂದೇ ರಸ್ತೆಯನ್ನು ವರ್ಷ ವರ್ಷ ಅಳೆಯಬೇಕು. ಒರಟುತನ ಅಳೆಯುವ ಐಆರ್‌ಐ ಮಾಪನ 1982ರಲ್ಲಿ ಬ್ರೆಜಿಲ್ ರಾಜಧಾನಿಯಲ್ಲಿ ನಡೆದ ಪ್ರಯೋಗದಿಂದ ರೂಪುಗೊಂಡಿದ್ದು. ಕಿಲೋಮೀಟರಿಗೆ ಎಷ್ಟು ಮೀಟರ್ ಏರಿಳಿತ ಅನ್ನುವ ಸರಳ ಅಂಕಿ. ಅದನ್ನು ಅಳೆಯುವ ಗಾಡಿಯಲ್ಲಿ ಕೂತು ಒಂದು ದಿನ ಓಡಾಡು. ನಮ್ಮ ಲೋಕೋಪಯೋಗಿ ಇಲಾಖೆಯಲ್ಲೇ ಯೋಜನೆ ಮತ್ತು ರಸ್ತೆ ಆಸ್ತಿ ನಿರ್ವಹಣಾ ಕೇಂದ್ರ ಇದೆ, ಮೇಷ್ಟ್ರಿಂದ ಪತ್ರ ತೆಗೆದುಕೊಂಡು ಹೋಗಿ ಅವರ ಕೆಲಸ ನೋಡಿ ಬಾ.

• ಹಣದ ಮಾತು ಬಂದಾಗ ನಾಚಬೇಡ, ಅದೂ ಎಂಜಿನಿಯರಿಂಗೇ. ವಿಶ್ವ ಬ್ಯಾಂಕ್ 1988ರಲ್ಲಿ 85 ಅಭಿವೃದ್ಧಿಶೀಲ ದೇಶಗಳ ರಸ್ತೆಗಳ ಬಗ್ಗೆ ವರದಿ ಕೊಟ್ಟಿತು. ಎರಡು ದಶಕಗಳಲ್ಲಿ ಸುಮಾರು 4,500 ಕೋಟಿ ಡಾಲರ್ ಬೆಲೆಯ ರಸ್ತೆ ಹಾಳಾಗಿತ್ತು, ಸಕಾಲಕ್ಕೆ 1,200 ಕೋಟಿ ಡಾಲರಿನ ನಿರ್ವಹಣೆ ಮಾಡಿದ್ದರೆ ಅಷ್ಟನ್ನೂ ಉಳಿಸಬಹುದಿತ್ತು ಎಂದಿತ್ತು ಆ ವರದಿ. ಅದನ್ನು ಹುಡುಕಿ ಓದು. ನಿರ್ವಹಣೆಗೆ ಹಣ ಕೇಳುವುದು ಯಾಕೆ ಕಷ್ಟ ಗೊತ್ತೇ? ಇನ್ನೂ ಚೆನ್ನಾಗಿ ಕಾಣುವ ರಸ್ತೆಗೆ ಖರ್ಚು ಮಾಡಬೇಕೆಂದು ನೀನು ಹೇಳುತ್ತಿರುತ್ತೀಯ, ಎದುರಿಗೆ ಕೂತವರ ಊರಿಗೆ ಇನ್ನೂ ರಸ್ತೆಯೇ ಇರುವುದಿಲ್ಲ. ಅವರ ಕೇಳಿಕೆಯಲ್ಲಿ ನ್ಯಾಯವಿದೆ. ಹಾಗಾಗಿ ನಿನ್ನ ಟಿಪ್ಪಣಿ ಒಂದು ಪುಟ ಮೀರಬಾರದು, ಕನ್ನಡದಲ್ಲಿರಬೇಕು, ಮತ್ತು ಈ ವರ್ಷ ಇಷ್ಟು ಕೊಡದಿದ್ದರೆ ಐದು ವರ್ಷಕ್ಕೆ ಎಷ್ಟು ಕೊಡಬೇಕಾಗುತ್ತದೆ ಅನ್ನುವುದು ಮೊದಲ ಸಾಲಿನಲ್ಲೇ ಇರಬೇಕು. ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ, ನೀನೇ ಅಭ್ಯಾಸ ಮಾಡಿಕೋ.

• ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಟೆಂಡರ್ ದಾಖಲೆ ಒಂದನ್ನು ಪೂರ್ತಿ ಓದು. 2000ದ ಡಿಸೆಂಬರ್ 25ರಂದು ಶುರುವಾದ ಈ ಯೋಜನೆಯಲ್ಲಿ ರಸ್ತೆ ಹಾಕಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂದು ಕರಾರಿನಲ್ಲೇ ಬರೆದರು. ದೊಡ್ಡ ಹೆದ್ದಾರಿಗಳ ಹೈಬ್ರಿಡ್ ಆನ್ಯುಯಿಟಿ ಕರಾರಿನಲ್ಲೂ ಸರ್ಕಾರ ಶೇಕಡಾ 40 ಪಾಲನ್ನು ಕಟ್ಟುವಾಗ ಕೊಟ್ಟು, ಉಳಿದದ್ದನ್ನು ನಿರ್ವಹಣೆಯ ವರ್ಷಗಳಲ್ಲಿ ಕಂತಿನಲ್ಲಿ ಕೊಡುತ್ತದೆ. ಕರಾರು ಓದಲು ಬರುವ ರಸ್ತೆ ಎಂಜಿನಿಯರ್ ನಮ್ಮಲ್ಲಿ ಬಹಳ ಕಡಿಮೆ.

• ಸುರಕ್ಷತೆಯನ್ನು ಕೊನೆಯಲ್ಲಿ ಅಂಟಿಸುವ ಅಧ್ಯಾಯ ಎಂದುಕೊಳ್ಳಬೇಡಮ್ಮ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಅದರಲ್ಲಿ ಚಾಲಕನ ತಪ್ಪು ಎಂದು ಬರೆದ ಎಷ್ಟೋ ಕಡೆ ತಿರುವಿನಲ್ಲಿ ಕಣ್ಣಿಗೆ ಕಾಣದ ದೂರ, ಇದ್ದಕ್ಕಿದ್ದಂತೆ ಕಿರಿದಾಗುವ ಸೇತುವೆ, ಹಳ್ಳಿಯ ಬಾಯಲ್ಲಿ ದಾಟಲು ಜಾಗವಿಲ್ಲದ ನಾಲ್ಕು ಪಥ ಇರುತ್ತವೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸಾವುಗಳು ಹೆಚ್ಚಿ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಡಬೇಕಾಯಿತು. ರಾಮನಗರ, ಮಂಡ್ಯದ ಜನ ಬದುಕುವುದೇ ಆ ರಸ್ತೆಯ ಬದಿಯಲ್ಲಿ ಅನ್ನುವುದು ನಕ್ಷೆ ಬರೆಯುವಾಗಲೇ ಕಣ್ಮುಂದೆ ಇರಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಟ್ಟ ಪಾಲಿಸದೆ ಸಾವುನೋವಾದರೆ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ದಂಡಕ್ಕೆ ಹೆದರಿ ಬೇಡ, ಆ ಲೆಕ್ಕದಲ್ಲಿರುವ ಒಬ್ಬೊಬ್ಬರಿಗೂ ಮನೆಯಿತ್ತು ಅನ್ನುವುದಕ್ಕಾಗಿ ಐಆರ್‌ಸಿ ಎಸ್‌ಪಿ 88ರ ಸುರಕ್ಷತಾ ಪರಿಶೀಲನೆಯನ್ನು ಮನಸ್ಸಿಟ್ಟು ಕಲಿ. ರಾತ್ರಿ ಹೊತ್ತು ಮತ್ತು ಮಳೆಯಲ್ಲಿ ಪರಿಶೀಲನೆ ಮಾಡು. ರಸ್ತೆ ಹಂಪ್ ಕೂಡ ಅಳತೆಯ ವಸ್ತು. 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರವೆಂದು ಸಂಹಿತೆ ಹೇಳುತ್ತದೆ. ಅಪಘಾತವಾದ ಮರುದಿನ ಊರವರು ಸಿಟ್ಟಿನಲ್ಲಿ ಹಾಕಿಸುವ ಮೊಣಕಾಲೆತ್ತರದ ದಿಬ್ಬ ಇನ್ನೊಂದು ಅಪಘಾತ ತರುತ್ತದೆ.

• ನಗರದ ರಸ್ತೆ ಕೆಡುವುದು ಲಾರಿಯಿಂದಲ್ಲ, ಅಗೆತದಿಂದ. ನೀರು, ಒಳಚರಂಡಿ, ವಿದ್ಯುತ್, ಕೇಬಲ್ಲು, ಒಬ್ಬೊಬ್ಬರದೂ ಒಂದೊಂದು ಸರದಿ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಮಾದರಿಯಲ್ಲಿ ಎಲ್ಲ ಕೊಳವೆಗಳನ್ನೂ ಮೊದಲೇ ಪಾದಚಾರಿ ಮಾರ್ಗದ ಕೆಳಗೆ ಸೇರಿಸಿದರು. ಒಂದು ಭಾನುವಾರ ಬೆಳಿಗ್ಗೆ ಆ ರಸ್ತೆಗಳಲ್ಲಿ ನಡೆದು, ಆಮೇಲೆ ಹಾಗೆ ಮಾಡದ ಪಕ್ಕದ ರಸ್ತೆಯಲ್ಲೂ ನಡೆದು ಹೋಲಿಸಿ ಬರೆದಿಡು.

• ಪ್ರಬಂಧಕ್ಕೆ ವಿಷಯ ಆರಿಸುವಾಗ ಸ್ವಲ್ಪ ಗಟ್ಟಿಯಾಗಿರು. ಯಾವುದೋ ಪುಡಿ, ಯಾವುದೋ ಬೂದಿ, ಯಾವುದೋ ನಾರು ಡಾಂಬರಿಗೆ ಬೆರೆಸಿ, ಶೇಕಡಾ ಇಷ್ಟಕ್ಕೆ ಗಟ್ಟಿತನ ಹೆಚ್ಚಿತು ಎಂದು ಆರು ತಿಂಗಳಲ್ಲಿ ಮುಗಿಸುವ ಪ್ರಬಂಧಗಳು ಕಪಾಟು ತುಂಬಾ ಇವೆ. ಬೆರಕೆಯ ಕೆಲಸವೇ ಬೇಡ ಅನ್ನುತ್ತಿಲ್ಲ. ಮದುರೈಯ ಕಾಲೇಜೊಂದರಲ್ಲಿ ಆರ್. ವಾಸುದೇವನ್ ಅವರು ಪ್ಲಾಸ್ಟಿಕ್ ತ್ಯಾಜ್ಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಕ್ಕೇ ಅದು ರಸ್ತೆಗೆ ಇಳಿಯಿತು, ಐಆರ್‌ಸಿ ಎಸ್‌ಪಿ 98 ಬಂತು, ಅವರಿಗೆ 2018ರಲ್ಲಿ ಪದ್ಮಶ್ರೀಯೂ ಸಿಕ್ಕಿತು. ನಿನಗಿರುವುದು ಎರಡು ವರ್ಷ. ಕಾಲೇಜಿನ ಹತ್ತಿರದ ಐದು ಕಿಲೋಮೀಟರ್ ಜಿಲ್ಲಾ ರಸ್ತೆಯೊಂದನ್ನು ಹಿಡಿದುಕೋ. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಬಿರುಕು, ಗುಂಡಿ, ಚಕ್ರದ ಜಾಡು, ಅಂಚಿನ ಮುರಿತ, ಮೋರಿಯ ಹೂಳು ಎಲ್ಲವನ್ನೂ ನೂರು ಮೀಟರಿಗೊಂದು ಸಾಲಿನಂತೆ ದಾಖಲಿಸು. ಮುಂದಿನ ಮಳೆಗೂ ಹಾಗೇ ಮಾಡು. ಎರಡು ಮಳೆಗಾಲದ ಅಂಥ ದಾಖಲೆ ನಮ್ಮ ರಾಜ್ಯದ ಜಿಲ್ಲಾ ರಸ್ತೆಗಳಿಗೆ ಸಿಗುವುದೇ ಅಪರೂಪ. ಮೇಷ್ಟ್ರು ಇದರಲ್ಲಿ ಹೊಸತೇನಿದೆ ಎಂದು ಕೇಳಿದರೆ ಎಚ್‌ಡಿಎಂ ಹೊಂದಾಣಿಕೆಗೆ ಬೇಕಾದ ಅಂಕಿ ಇದೇ ಎಂದು ಹೇಳು.

• ಸೈಟಿಗೆ ಹೋಗುವಾಗ ಗಟ್ಟಿ ಬೂಟು, ಹೆಲ್ಮೆಟ್, ಹೊಳೆಯುವ ಜಾಕೆಟ್ ಇಲ್ಲದೆ ಗಾಡಿಯಿಂದ ಇಳಿಯಬೇಡ. ವಾಹನಗಳಿಗೆ ಬೆನ್ನು ಕೊಟ್ಟು ನಿಂತು ಅಳೆಯಬೇಡ. ಹೆಣ್ಣುಮಕ್ಕಳು ಸೈಟಿನಲ್ಲಿ ದಿನವೆಲ್ಲ ನೀರು ಕುಡಿಯದೆ ಇರುವುದನ್ನು ನೋಡಿದ್ದೇನೆ, ಕಾರಣ ನಿನಗೂ ಗೊತ್ತು. ಶೌಚಾಲಯದ ವ್ಯವಸ್ಥೆಯನ್ನು ಕೇಳುವುದು ಸಂಕೋಚದ ವಿಷಯವಲ್ಲ, ಕ್ಯಾಂಪಿನಲ್ಲಿ ಇರಲೇಬೇಕಾದದ್ದು ಅದು. ಮೊದಲ ದಿನವೇ ಕೇಳು, ಸಿಗದಿದ್ದರೆ ಬರೆದು ಕೊಡು. ನಿನಗೆ ಸಿಕ್ಕರೆ ಅಲ್ಲಿ ಜಲ್ಲಿ ಹೊರುವ ಹೆಂಗಸರಿಗೂ ಸಿಗುತ್ತದೆ.

• ಗ್ಯಾಂಗ್‌ಮನ್‌ಗಳನ್ನು, ಮೇಸ್ತ್ರಿಗಳನ್ನು, ರೋಲರ್ ಡ್ರೈವರುಗಳನ್ನು ಬಹುವಚನದಲ್ಲೇ ಮಾತಾಡಿಸು. ಈ ಗುಂಡಿ ವರ್ಷ ವರ್ಷ ಇಲ್ಲೇ ಯಾಕೆ ಬೀಳುತ್ತದೆ ಎಂದು ಕೇಳಿದರೆ ಅವರು ಹೊಲದ ಕಡೆ ಕೈ ತೋರಿಸಿ ಯಾವ ಕಾಲುವೆ ಯಾವಾಗ ಮುಚ್ಚಿತೆಂದು ಹೇಳುತ್ತಾರೆ. ನಾನು ಕಲಿತದ್ದರಲ್ಲಿ ದೊಡ್ಡ ಪಾಲು ಅವರಿಂದ ಬಂದದ್ದು. ಈಗ ಗ್ಯಾಂಗುಗಳೇ ಕಡಿಮೆಯಾಗಿವೆ. ಒಂದು ರಸ್ತೆಯನ್ನು ಇಪ್ಪತ್ತು ವರ್ಷ ನಡೆದು ನೋಡಿದವರ ನೆನಪು ಯಾವ ಕಡತದಲ್ಲೂ ಇಲ್ಲ, ಇರುವವರೆಗೆ ಕೇಳಿ ಬರೆದುಕೋ.

• ಮುಂದೆ ಕೆಲಸಕ್ಕೆ ಹಲವು ದಾರಿಗಳಿವೆ: ಕೆಪಿಎಸ್‌ಸಿ ಮೂಲಕ ಇಲಾಖೆ, ಹೆದ್ದಾರಿ ಪ್ರಾಧಿಕಾರ, ಡಿಪಿಆರ್ ಮಾಡುವ ಕನ್ಸಲ್ಟೆನ್ಸಿಗಳು, ಟೋಲ್ ರಸ್ತೆ ನೋಡಿಕೊಳ್ಳುವ ಕಂಪನಿಗಳು. ಯಾವುದಕ್ಕೇ ಹೋದರೂ ಮೊದಲ ಎರಡು ವರ್ಷ ಸೈಟೇ ಕೇಳು, ಎಸಿ ಕೋಣೆಯ ವಿನ್ಯಾಸದ ಕೆಲಸ ಆಮೇಲೂ ಸಿಗುತ್ತದೆ.

• ಕೊನೆಗೆ ಎಂ.ಬಿ. ವಿಷಯ. ಅಳತೆ ಪುಸ್ತಕದಲ್ಲಿ ನೀನು ಅಳೆಯದ ಒಂದು ಸಾಲಿಗೂ ಸಹಿ ಹಾಕಬೇಡ. ಮಾರ್ಚ್ ಕೊನೆಯ ವಾರ ಬಿಲ್ಲಿನ ಅವಸರದಲ್ಲಿ ಎಲ್ಲರೂ ಒತ್ತಾಯ ಮಾಡುತ್ತಾರೆ, ಒಳ್ಳೆಯವರೇ ಮಾಡುತ್ತಾರೆ. ನಾಳೆ ಬೆಳಿಗ್ಗೆ ಆರಕ್ಕೆ ಸೈಟಿಗೆ ಬನ್ನಿ, ಕೋರ್ ತೆಗೆದು ದಪ್ಪ ನೋಡಿ ಸಹಿ ಹಾಕುತ್ತೇನೆ ಎಂದು ಮೆಲ್ಲಗೆ ಹೇಳು. ಬಂದವರೆದುರೇ ಕೋರ್ ತೆಗೆಸು, ದಪ್ಪವನ್ನು ಅವರ ಕೈಯಲ್ಲೇ ಅಳೆಸು, ಬಿಲ್ಲೆಯ ಮೇಲೆ ಕಿ.ಮೀ. ಮತ್ತು ತಾರೀಕು ಬರೆದು ಆಫೀಸಿನಲ್ಲಿ ಇರಿಸು. ಒಂದೆರಡು ಸಲ ಹೀಗೆ ಮಾಡಿದರೆ ಮುಂದಿನ ಮಾರ್ಚಿನಲ್ಲಿ ಅವರೇ ಮೊದಲೇ ಅಳತೆಗೆ ಕರೆಯುತ್ತಾರೆ.